ಎರಡು ಪದಗಳ ಶಾಸನ: ಮತದಾನದ ವಯಸ್ಸು ಮತ್ತು ಕನ್ನಡ ತರಗತಿಯಲ್ಲಿ ಮೂಲ ದಾಖಲೆಗಳ ಬೋಧನೆ

೧

ಕನ್ನಡದಲ್ಲಿ 'ಶಾಸನ' ಎಂಬ ಪದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಕಲ್ಲಿನ ಮೇಲೆ ಅಥವಾ ತಾಮ್ರಪಟದ ಮೇಲೆ ಕೊರೆದ ಬರೆಹ ಒಂದು. ಶಾಸನಸಭೆ ರಚಿಸಿದ ಕಾನೂನು ಇನ್ನೊಂದು. ಮೊದಲನೆಯದನ್ನು ಓದುವ, ಪಾಠ ನಿರ್ಧರಿಸುವ, ಕಾಲ ಗುರುತಿಸುವ ಕೆಲಸದಲ್ಲಿ ಕನ್ನಡ ವಿಭಾಗಗಳಿಗೆ ಒಂದು ಶತಮಾನಕ್ಕೂ ಮಿಕ್ಕಿದ ಪರಂಪರೆಯಿದೆ. ಎರಡನೆಯದು ಮಾತ್ರ ತಮಗೆ ಸಂಬಂಧಪಟ್ಟದ್ದಲ್ಲವೆಂದು ಈ ವಿಭಾಗಗಳು ಬಹುಮಟ್ಟಿಗೆ ಭಾವಿಸಿಕೊಂಡು ಬಂದಿವೆ. ಅದು ರಾಜ್ಯಶಾಸ್ತ್ರದವರ ಪಾಲು, ಕಾನೂನು ಕಾಲೇಜಿನವರ ಪಾಲು ಎಂಬ ವಿಭಜನೆ ಯಾವಾಗ ಏರ್ಪಟ್ಟಿತೆಂದು ಹೇಳುವುದು ಕಷ್ಟ. ಆದರೆ ಅದರ ಪರಿಣಾಮ ತರಗತಿಯಲ್ಲಿ ಎದ್ದುಕಾಣುತ್ತದೆ. ಒಂಬತ್ತು ಹತ್ತನೆಯ ಶತಮಾನದ ದಾನಶಾಸನದಲ್ಲಿ ಕೊಟ್ಟವರಾರು, ಪಡೆದವರಾರು, ಎಲ್ಲೆ ಯಾವುದು, ಸಾಕ್ಷಿ ಯಾರು ಎಂದು ಕೇಳಲು ಕಲಿತ ವಿದ್ಯಾರ್ಥಿಯು ತನಗೆ ಮತಾಧಿಕಾರ ಕೊಟ್ಟ ಶಾಸನವನ್ನು ಒಮ್ಮೆಯೂ ಕಂಡಿರುವುದಿಲ್ಲ.

ಕೋಲಾರ ಸೀಮೆಯಲ್ಲಿ ಈ ವೈಚಿತ್ರ್ಯ ಇನ್ನಷ್ಟು ಸ್ಪಷ್ಟವಾಗಿದೆ. ಬಿ. ಎಲ್. ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹತ್ತನೆಯ ಸಂಪುಟವನ್ನು ೧೯೦೫ರಲ್ಲಿ ಈ ಜಿಲ್ಲೆಗಾಗಿಯೇ ಮೀಸಲಿಟ್ಟು ಪ್ರಕಟಿಸಿದರು. ಮುಳಬಾಗಿಲು ತಾಲ್ಲೂಕಿನ ಆವಣಿಯ ಶಾಸನಗಳು, ಕೋಲಾರಮ್ಮನ ಗುಡಿಯ ಚೋಳರ ಕಾಲದ ತಮಿಳು ಶಾಸನಗಳು, ಊರೂರಿನ ವೀರಗಲ್ಲುಗಳು ಸ್ಥಳೀಯ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಒಂದೇ ಜಿಲ್ಲೆಯ ಆಕರಗಳು ಹಲವು ಭಾಷೆಗಳಲ್ಲಿ ಇರುತ್ತವೆ ಎಂಬ ಅರಿವೂ ಅವರಿಗೆ ಸಹಜವಾಗಿಯೇ ಬಂದಿರುತ್ತದೆ. ಏಕೆಂದರೆ ಶ್ರೀನಿವಾಸಪುರ ಮತ್ತು ಮುಳಬಾಗಿಲಿನ ಅನೇಕ ಮನೆಗಳ ಮಾತು ತೆಲುಗು, ಮಾಲೂರಿನ ಗಡಿಭಾಗದ ಕೆಲವು ಮನೆಗಳದ್ದು ತಮಿಳು. ಈ ಸಿದ್ಧತೆಯನ್ನು ಆಧುನಿಕ ಶಾಸನದ ಓದಿಗೆ ತಿರುಗಿಸುವುದು ಹೇಗೆ ಎಂಬುದನ್ನು, ಮತದಾನದ ವಯಸ್ಸನ್ನು ೨೧ರಿಂದ ೧೮ಕ್ಕೆ ಇಳಿಸಿದ ಸಂವಿಧಾನ ತಿದ್ದುಪಡಿಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ವಿಷಯದ ಆಯ್ಕೆಗೆ ಕಾರಣ ಸರಳವಾದುದು. ಪದವಿಯ ಮೊದಲ ವರ್ಷದ ಹುಡುಗ ಹುಡುಗಿಯರು ಹದಿನೆಂಟರ ಆಸುಪಾಸಿನಲ್ಲಿರುತ್ತಾರೆ. ಬೇರೆ ಯಾವ ಪಠ್ಯದ ಕುರಿತೂ ಅವರು 'ಇದು ನನ್ನ ಬಗ್ಗೆ ಬರೆದದ್ದು' ಎಂದು ಇಷ್ಟು ಖಚಿತವಾಗಿ ಹೇಳಲಾರರು.

೨

ಸಂವಿಧಾನದ ಅರವತ್ತೊಂದನೆಯ ತಿದ್ದುಪಡಿ ಅಧಿನಿಯಮವು ಅತ್ಯಂತ ಚಿಕ್ಕ ಪಠ್ಯ. ಅದರಲ್ಲಿರುವುದು ಎರಡೇ ಪ್ರಕರಣಗಳು. ಮೊದಲನೆಯದು ಅಧಿನಿಯಮದ ಹೆಸರನ್ನು ಹೇಳುತ್ತದೆ. ಎರಡನೆಯದು, ೩೨೬ನೆಯ ಅನುಚ್ಛೇದದಲ್ಲಿ ಇಪ್ಪತ್ತೊಂದು ವರ್ಷ ಎಂಬರ್ಥದ ಎರಡು ಇಂಗ್ಲಿಷ್ ಪದಗಳನ್ನು ತೆಗೆದು ಹದಿನೆಂಟು ವರ್ಷ ಎಂಬರ್ಥದ ಎರಡು ಪದಗಳನ್ನು ಇಡತಕ್ಕದ್ದೆಂದು ವಿಧಿಸುತ್ತದೆ. ಕೋಟ್ಯಂತರ ಜನರಿಗೆ ಮತಾಧಿಕಾರ ತಂದ ಶಾಸನದ ಕಾರ್ಯಕಾರಿ ಭಾಗ ಇಷ್ಟೇ. ಇಂಥ ಪಠ್ಯವನ್ನು ತರಗತಿಗೆ ಒಯ್ದರೆ ಓದಲು ಐದು ನಿಮಿಷವೂ ಬೇಡವೆಂದು ಅಧ್ಯಾಪಕರಿಗೆ ತೋರಬಹುದು. ಚಿಕ್ಕ ಶಾಸನಗಳೇ ಹೆಚ್ಚು ಕಾಲ ಬೇಡುತ್ತವೆಂಬುದು ಶಾಸನಾಭ್ಯಾಸಿಗಳಿಗೆ ತಿಳಿಯದ ಸಂಗತಿಯೇನಲ್ಲ.

ಮೊದಲ ತೊಡಕು ಹೆಸರಿನಲ್ಲಿಯೇ ಇದೆ. ಕೇಂದ್ರದ ಅಂದಿನ ಕಾನೂನು ಸಚಿವ ಬಿ. ಶಂಕರಾನಂದ ಅವರು ೧೯೮೮ರ ಡಿಸೆಂಬರ್ ೧೩ರಂದು ಲೋಕಸಭೆಯಲ್ಲಿ ಮಂಡಿಸಿದ್ದು ಅರವತ್ತೆರಡನೆಯ ತಿದ್ದುಪಡಿ ಮಸೂದೆಯನ್ನು. ಲೋಕಸಭೆ ಡಿಸೆಂಬರ್ ೧೫ರಂದು ಅಂಗೀಕರಿಸುವಾಗ ಒಂದು ಔಪಚಾರಿಕ ತಿದ್ದುಪಡಿಯ ಮೂಲಕ ಅದು ಅರವತ್ತೊಂದನೆಯದಾಯಿತು. ರಾಜ್ಯಸಭೆ ಡಿಸೆಂಬರ್ ೨೦ರಂದು ಒಪ್ಪಿತು. ಅರ್ಧಕ್ಕೂ ಹೆಚ್ಚು ರಾಜ್ಯಗಳ ಶಾಸನಸಭೆಗಳ ಅನುಮೋದನೆ ದೊರೆತ ಬಳಿಕ, ರಾಷ್ಟ್ರಪತಿ ಆರ್. ವೆಂಕಟರಾಮನ್ ಅವರ ಅಂಕಿತ ೧೯೮೯ರ ಮಾರ್ಚ್ ೨೮ರಂದು ಬಿದ್ದಿತು. ಅಂದಿನಿಂದಲೇ ಅದು ಜಾರಿಗೆ ಬಂದಿತು. ಆದುದರಿಂದ ಒಂದೇ ಶಾಸನಕ್ಕೆ ಎರಡು ಸಂಖ್ಯೆಗಳು, ಎರಡು ವರ್ಷಗಳು ಪುಸ್ತಕಗಳಲ್ಲಿ ಸಿಗುತ್ತವೆ. ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಗಳಲ್ಲಿ ೧೯೮೮ ಎಂದೂ ೧೯೮೯ ಎಂದೂ ಬರುವುದನ್ನು ವಿದ್ಯಾರ್ಥಿಗಳು ಅಚ್ಚಿನ ತಪ್ಪೆಂದು ಬಗೆಯುತ್ತಾರೆ. ಇದು ಪಾಠಾಂತರದ ಸಮಸ್ಯೆಯೇ. ಹಸ್ತಪ್ರತಿಗಳ ಪಾಠಾಂತರವನ್ನು ಬೋಧಿಸುವ ಅಧ್ಯಾಪಕರು ಮಸೂದೆ, ಅಂಗೀಕೃತ ಪಾಠ, ಗೆಜೆಟ್‌ನಲ್ಲಿ ಪ್ರಕಟವಾದ ಪಾಠ ಇವುಗಳನ್ನು ಒಟ್ಟಿಗೆ ಇಟ್ಟು ತೋರಿಸಿದರೆ, ಶಾಸನವೊಂದು ಹುಟ್ಟುವ ಕ್ರಮವೇ ಕಣ್ಣಿಗೆ ಕಟ್ಟುತ್ತದೆ. ಮಸೂದೆ ಮಂಡಿಸಿದ ಸಚಿವರು ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಿಂದ ಆಯ್ಕೆಯಾದ ಕನ್ನಡಿಗರು ಎಂಬ ಸಂಗತಿಯನ್ನು ಇಲ್ಲಿ ಹೆಮ್ಮೆಯ ಮಾತಾಗಿ ಅಲ್ಲ, ಆಕರದ ವಿವರವಾಗಿ ಗುರುತಿಸಬೇಕು.

ಶಾಸನ ಏನನ್ನು ಮುಟ್ಟಲಿಲ್ಲ ಎಂಬುದೂ ಓದಿನ ಭಾಗ. ಲೋಕಸಭೆಗೂ ವಿಧಾನಸಭೆಗೂ ಸ್ಪರ್ಧಿಸಲು ಬೇಕಾದ ೨೫ ವರ್ಷದ ಮಿತಿ ಹಾಗೆಯೇ ಉಳಿಯಿತು. ಪಂಚಾಯತಿಗೆ ಸ್ಪರ್ಧಿಸಲು ಇಂದಿಗೂ ೨೧ ವರ್ಷ ಬೇಕು. ಆರಿಸುವವರ ವಯಸ್ಸು ಇಳಿಯಿತು, ಆರಿಸಲ್ಪಡುವವರದು ಇಳಿಯಲಿಲ್ಲ.

೩

ಮಸೂದೆಯ ಜೊತೆಗೆ 'ಉದ್ದೇಶ ಮತ್ತು ಕಾರಣಗಳ ಹೇಳಿಕೆ' ಎಂಬ ಒಂದು ಟಿಪ್ಪಣಿ ಇರುತ್ತದೆ. ಅದು ಶಾಸನದ ಅಂಗವಲ್ಲ. ಶಾಸನವಾದ ಮೇಲೆ ಕೆಳಗೆ ಉಳಿದುಬಿಡುವ ಏಣಿಯಂಥದು. ಬೋಧನೆಯ ದೃಷ್ಟಿಯಿಂದ ಅಧಿನಿಯಮಕ್ಕಿಂತ ಇದೇ ಮುಖ್ಯವಾದ ದಾಖಲೆ. ಇದರ ವಾದಸರಣಿ ಹೀಗಿದೆ: ಅನೇಕ ದೇಶಗಳಲ್ಲಿ ಮತದಾನದ ವಯಸ್ಸು ಹದಿನೆಂಟು; ನಮ್ಮಲ್ಲಿಯೂ ಕೆಲವು ರಾಜ್ಯ ಸರ್ಕಾರಗಳು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಅದನ್ನೇ ಇಟ್ಟುಕೊಂಡಿವೆ; ಇಂದಿನ ಯುವಜನರು ಅಕ್ಷರಸ್ಥರು, ತಿಳಿವಳಿಕೆಯುಳ್ಳವರು, ರಾಜಕೀಯ ಪ್ರಜ್ಞೆಯುಳ್ಳವರು; ಪ್ರಾತಿನಿಧ್ಯವಿಲ್ಲದ ಈ ವರ್ಗಕ್ಕೆ ತನ್ನ ಭಾವನೆಗಳನ್ನು ಹೊರಹಾಕಲು, ರಾಜಕೀಯ ಪ್ರಕ್ರಿಯೆಯಲ್ಲಿ ಪಾಲ್ಗೊಳ್ಳಲು ಅವಕಾಶವಾಗಬೇಕು.

ಮೇಲುನೋಟಕ್ಕೆ ಇದರಲ್ಲಿ ಆಕ್ಷೇಪಿಸುವಂಥದ್ದು ಏನೂ ಇಲ್ಲ. ಆದರೆ 'ಅಕ್ಷರಸ್ಥರು' ಎಂಬ ಒಂದು ಪದದ ಮೇಲೆ ತರಗತಿ ನಿಲ್ಲಬೇಕು. ೧೯೯೧ರ ಜನಗಣತಿಯ ಪ್ರಕಾರ, ಏಳು ವರ್ಷ ಮೀರಿದವರಲ್ಲಿ ದೇಶದ ಸಾಕ್ಷರತೆ ಶೇಕಡ ಸುಮಾರು ೫೨. ಕರ್ನಾಟಕದ್ದು ಶೇಕಡ ೫೬. ೧೯೮೮ರಲ್ಲಿ ಹದಿನೆಂಟು ತುಂಬಿದ್ದ, ಶಾಲೆಯ ಮುಖ ಕಾಣದೆ ಮಾವಿನ ತೋಪಿನಲ್ಲೋ ರೇಷ್ಮೆಯ ಮನೆಯಲ್ಲೋ ದುಡಿಯುತ್ತಿದ್ದ ಶ್ರೀನಿವಾಸಪುರ ಕಡೆಯ ಹುಡುಗಿ ಈ ಹೇಳಿಕೆಯ 'ಯುವಜನ'ದಲ್ಲಿ ಇದ್ದಾಳೆಯೇ? ಹೇಳಿಕೆಯನ್ನು ಅಕ್ಷರಶಃ ಓದಿದರೆ ಇಲ್ಲ. ಅಧಿನಿಯಮವನ್ನು ಓದಿದರೆ ಖಂಡಿತವಾಗಿ ಇದ್ದಾಳೆ. ಏಕೆಂದರೆ ಅದರಲ್ಲಿ ಅಕ್ಷರದ ಮಾತೇ ಇಲ್ಲ, ವರ್ಷದ ಮಾತು ಮಾತ್ರ ಇದೆ. ಕೊಟ್ಟ ಕಾರಣ ಕಿರಿದು, ಕೊಟ್ಟ ಹಕ್ಕು ಹಿರಿದು. ಈ ಬಿರುಕನ್ನು ಗುರುತಿಸುವುದೇ ಈ ಪಾಠದ ತಿರುಳೆಂದು ಹೇಳಬಹುದು. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಮಾಡುವುದು ಇದಕ್ಕೆ ವಿರುದ್ಧವಾದುದನ್ನು: ಅಧಿನಿಯಮದ ಸಾರವೆಂದು ಹೇಳಿಕೆಯ ವಾಕ್ಯಗಳನ್ನೇ ಕೊಟ್ಟುಬಿಡುತ್ತವೆ. ಹೀಗಾಗಿ 'ಯುವಕರು ವಿದ್ಯಾವಂತರಾದ್ದರಿಂದ ಅವರಿಗೆ ಮತಾಧಿಕಾರ ದೊರೆಯಿತು' ಎಂಬ ವಾಕ್ಯ ಉತ್ತರಪತ್ರಿಕೆಗಳಲ್ಲಿ ನೆಲೆಯೂರಿದೆ. ಅದನ್ನು ಬರೆಯುವ ವಿದ್ಯಾರ್ಥಿಯ ತಾಯಿ ಹೆಬ್ಬೆಟ್ಟೊತ್ತುವವಳಾಗಿದ್ದರೆ, ತನ್ನ ತಾಯಿಯ ಹಕ್ಕನ್ನು ತಾನೇ ಅಲ್ಲಗಳೆಯುತ್ತಿರುವುದು ಅವನ ಗಮನಕ್ಕೆ ಬರುವುದಿಲ್ಲ.

ಈ ಹೇಳಿಕೆಯನ್ನು ಇನ್ನೆರಡು ಹಳೆಯ ದಾಖಲೆಗಳ ಪಕ್ಕದಲ್ಲಿ ಇಡಬೇಕು. ಸಂವಿಧಾನ ಸಭೆಯಲ್ಲಿ ವಯಸ್ಕ ಮತಾಧಿಕಾರದ ಅನುಚ್ಛೇದ ೧೯೪೯ರ ಜೂನ್ ೧೬ರಂದು ಚರ್ಚೆಗೆ ಬಂದಿತು. ಅದೇ ವರ್ಷದ ನವೆಂಬರ್ ೨೩ರಂದು, ಕೊನೆಯ ವಾಚನದ ಸಂದರ್ಭದಲ್ಲಿ ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಅವರು ಮಾಡಿದ ಭಾಷಣ ಇಲ್ಲಿ ಉಪಯುಕ್ತ. ಬಹುಸಂಖ್ಯೆಯ ಜನರ ಅಜ್ಞಾನ, ಅನಕ್ಷರತೆಗಳ ಹೊರತಾಗಿಯೂ ಸಾಮಾನ್ಯ ಮನುಷ್ಯನಲ್ಲಿ ಅಪಾರ ವಿಶ್ವಾಸವಿರಿಸಿ ಸಭೆ ಈ ತತ್ತ್ವವನ್ನು ಸ್ವೀಕರಿಸಿದೆ ಎಂಬುದು ಅವರ ಮಾತಿನ ಅಭಿಪ್ರಾಯ. ೧೯೪೯ರಲ್ಲಿ ಅನಕ್ಷರತೆಯ 'ಹೊರತಾಗಿಯೂ' ಕೊಟ್ಟದ್ದನ್ನು ೧೯೮೮ರಲ್ಲಿ ಅಕ್ಷರದ 'ಕಾರಣದಿಂದ' ವಿಸ್ತರಿಸಲಾಯಿತು. ಈ ಎರಡು ವಿಭಕ್ತಿರೂಪಗಳ ನಡುವಣ ಅಂತರವನ್ನು ವಿವರಿಸಲು ಕನ್ನಡ ಅಧ್ಯಾಪಕರಿಗಿಂತ ಸಮರ್ಥರು ಬೇರೊಬ್ಬರಿರಲಾರರು. ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ. ಸಿ. ರೆಡ್ಡಿಯವರು ಆ ಸಭೆಯಲ್ಲಿ ಮೈಸೂರಿನ ಸದಸ್ಯರಲ್ಲಿ ಒಬ್ಬರಾಗಿದ್ದರೆಂಬ ವಿವರ ಸ್ಥಳೀಯ ವಿದ್ಯಾರ್ಥಿಗಳಿಗೆ ಆ ಸಂಪುಟಗಳನ್ನು ತೆರೆಯುವ ನೆಪವಾಗಬಹುದು.

ಎರಡನೆಯ ದಾಖಲೆ ಗಾಂಧೀಜಿಯವರದು. ೧೯೪೭ರ ಮಾರ್ಚ್ ೨ರ 'ಹರಿಜನ' ಪತ್ರಿಕೆಯಲ್ಲಿ ವರದಿಯಾದ ಮಾತುಗಳಲ್ಲಿ ಅವರು, ಇಪ್ಪತ್ತೊಂದು ಅಥವಾ ಹದಿನೆಂಟೇ ಮೀರಿದ ಎಲ್ಲ ಸ್ತ್ರೀಪುರುಷರಿಗೂ ಮತಾಧಿಕಾರವಿರಬೇಕೆನ್ನುತ್ತಾರೆ. ಅಷ್ಟಕ್ಕೇ ನಿಲ್ಲದೆ, ತಮ್ಮಂಥ ಮುದುಕರನ್ನು ಮತದಾರರ ಸಾಲಿನಿಂದ ಹೊರಗಿಡಬೇಕೆಂದೂ, ಐವತ್ತರ ಆಚೆಗೆ ಒಂದು ತಡೆ ಇರಬಹುದೆಂದೂ ಸೂಚಿಸುತ್ತಾರೆ. ತರಗತಿಯಲ್ಲಿ ಇದು ನಗೆಯನ್ನು ಹುಟ್ಟಿಸುವುದು ಖಂಡಿತ; ಅಧ್ಯಾಪಕರಲ್ಲಿ ಹಲವರು ಐವತ್ತು ದಾಟಿದವರಾಗಿರುವುದರಿಂದ ನಗೆ ಸ್ವಲ್ಪ ಹೆಚ್ಚೇ ಇರಬಹುದು. ಆ ನಗೆಯ ನಂತರ ಕೇಳಬೇಕಾದ ಪ್ರಶ್ನೆ ಮಾತ್ರ ಗಂಭೀರವಾದುದು. ವಯಸ್ಸಿನ ಗೆರೆಯನ್ನು ಎಳೆಯುವವರು ಯಾವಾಗಲೂ ಕೆಳಗಡೆಯೇ ಏಕೆ ಎಳೆಯುತ್ತಾರೆ?

ಇಪ್ಪತ್ತೊಂದು ಎಂಬ ಸಂಖ್ಯೆಯಾದರೂ ಎಲ್ಲಿಂದ ಬಂದಿತು? ೧೯೨೮ರ ಮೋತಿಲಾಲ್ ನೆಹರೂ ವರದಿಯಲ್ಲಿ ಅದು ಇದೆ. ಅದೇ ೧೯೨೮ರಲ್ಲಿ ಬ್ರಿಟನ್ನಿನಲ್ಲಿ ಮಹಿಳೆಯರಿಗೆ ಪುರುಷರ ಸಮನಾಗಿ ಇಪ್ಪತ್ತೊಂದಕ್ಕೆ ಮತಾಧಿಕಾರ ದೊರೆತಿತು. ಅದಕ್ಕೂ ಹಿಂದಿನ ಹತ್ತು ವರ್ಷ ಅಲ್ಲಿನ ಹೆಂಗಸರು ಮೂವತ್ತು ತುಂಬುವವರೆಗೆ ಕಾಯಬೇಕಿತ್ತು. ಇತ್ತ ೧೮೭೫ರ ಪ್ರಾಪ್ತವಯಸ್ಸಿನ ಅಧಿನಿಯಮದಂತೆ ಆಸ್ತಿ ವ್ಯವಹಾರಕ್ಕೆ ಸಾಮಾನ್ಯವಾಗಿ ಹದಿನೆಂಟು ಸಾಕಾಗಿತ್ತು. ಅಂದರೆ ಮಾಲೂರಿನ ಹತ್ತೊಂಬತ್ತರ ತರುಣ ತನ್ನ ಹೊಲವನ್ನು ಮಾರಿ ಕ್ರಯಪತ್ರಕ್ಕೆ ಸಹಿ ಹಾಕಬಹುದಿತ್ತು, ಶಾಸಕನನ್ನು ಆರಿಸುವಂತಿರಲಿಲ್ಲ.

೪

ಹೇಳಿಕೆಯಲ್ಲಿ 'ಕೆಲವು ರಾಜ್ಯ ಸರ್ಕಾರಗಳು' ಎಂದು ಹೆಸರಿಲ್ಲದೆ ಬಂದಿರುವವುಗಳಲ್ಲಿ ಕರ್ನಾಟಕವೂ ಒಂದು. ಈ ಅಂಶವನ್ನು ಕೋಲಾರದ ತರಗತಿಯಲ್ಲಿ ಬಿಟ್ಟುಬಿಡುವುದು ಸರಿಯಲ್ಲ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ, ಜಿಲ್ಲಾ ಪರಿಷತ್ತು ಹಾಗೂ ಮಂಡಲ ಪಂಚಾಯತಿಗಳನ್ನು ಕುರಿತ ೧೯೮೩ರ ಅಧಿನಿಯಮಕ್ಕೆ ೧೯೮೫ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಅದರನ್ವಯ ೧೯೮೭ರ ಜನವರಿಯಲ್ಲಿ ಚುನಾವಣೆ ನಡೆದಾಗ ಹದಿನೆಂಟು ತುಂಬಿದವರು ಮತ ಹಾಕಿದರು. ಅಂದಿನ ಜಿಲ್ಲೆಗಳಲ್ಲಿ, ಎರಡೂವರೆ ಸಾವಿರಕ್ಕೂ ಹೆಚ್ಚು ಮಂಡಲಗಳಲ್ಲಿ ನಡೆದ ಈ ಚುನಾವಣೆಯಲ್ಲಿ ಮಹಿಳೆಯರಿಗೆ ನಾಲ್ಕನೆಯ ಒಂದು ಭಾಗ ಸ್ಥಾನಗಳು ಮೀಸಲಾಗಿದ್ದುದು ಎಲ್ಲರಿಗೂ ನೆನಪಿದೆ. ಮತದಾರರ ವಯಸ್ಸಿನ ಸಂಗತಿ ಅದರ ನೆರಳಿನಲ್ಲಿ ಮರೆಯಾಗಿದೆ. ಅಂದಿನ ಕೋಲಾರ ಜಿಲ್ಲೆಯಲ್ಲಿ ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ತಾಲ್ಲೂಕುಗಳೂ ಸೇರಿದ್ದವೆಂಬುದನ್ನು ಹಳೆಯ ದಾಖಲೆ ನೋಡುವವರು ಮರೆಯಬಾರದು, ವಿಭಜನೆಯಾದದ್ದು ೨೦೦೭ರಲ್ಲಿ.

ಇಲ್ಲಿ ಒಂದು ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಾಡಬಹುದು. ೧೯೬೭ರ ಜೂನ್ ತಿಂಗಳಲ್ಲಿ ಮುಳಬಾಗಿಲು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಬೇಕು. ೧೯೮೫ರ ಮಾರ್ಚ್‌ನ ವಿಧಾನಸಭಾ ಚುನಾವಣೆಯಲ್ಲಿ ಅವಳಿಗೆ ಹದಿನೇಳು, ಮತವಿಲ್ಲ. ೧೯೮೭ರ ಜನವರಿಯಲ್ಲಿ ಹತ್ತೊಂಬತ್ತು. ಮಂಡಲ ಪಂಚಾಯತಿಗೆ ಮತ ಹಾಕಬಲ್ಲಳು. ೧೯೮೮ರ ಮೊದಲ ತಿಂಗಳುಗಳಲ್ಲಿ ಅವಳ ಕ್ಷೇತ್ರದಲ್ಲಿ ವಿಧಾನಸಭೆಗೆ ಉಪಚುನಾವಣೆ ನಡೆದಿದ್ದರೆ ಇಪ್ಪತ್ತಾಗಿದ್ದ ಅವಳು ಮತ್ತೆ ಮತವಿಲ್ಲದವಳು. ಊರಿನ ಮಟ್ಟಿಗೆ ಪ್ರಾಪ್ತಳು, ರಾಜ್ಯದ ಮಟ್ಟಿಗೆ ಅಪ್ರಾಪ್ತಳು. ಅವಳಿಗೊಬ್ಬ ತಮ್ಮನಿದ್ದು ಅವನು ೧೯೭೧ರ ಫೆಬ್ರವರಿಯಲ್ಲಿ ಹುಟ್ಟಿದ್ದರೆ ಲೆಕ್ಕ ಇನ್ನೂ ಸೂಕ್ಷ್ಮವಾಗುತ್ತದೆ. ಮತದಾರರ ಪಟ್ಟಿಗೆ ವಾಡಿಕೆಯ ಅರ್ಹತಾ ದಿನಾಂಕ ಜನವರಿ ೧. ೧೯೮೯ರ ಜನವರಿ ೧ರಂದು ಅವನಿಗೆ ಹದಿನೆಂಟು ತುಂಬಿರಲಿಲ್ಲ. ಆದರೆ ಸಂವಿಧಾನ ತಿದ್ದುಪಡಿಯೊಂದಿಗೆ ೧೯೫೦ರ ಪ್ರಜಾಪ್ರಾತಿನಿಧ್ಯ ಅಧಿನಿಯಮಕ್ಕೂ ತಿದ್ದುಪಡಿಯಾಗಿ, ಆ ಒಂದು ವರ್ಷದ ಮಟ್ಟಿಗೆ ಏಪ್ರಿಲ್ ೧ ಅರ್ಹತಾ ದಿನಾಂಕವೆಂದು ಒಂದು ಪರಂತುಕ ಸೇರಿತು. ಆ ಪರಂತುಕದ ಬಲದಿಂದ ಈ ತಮ್ಮ ೧೯೮೯ರ ನವೆಂಬರಿನಲ್ಲಿ ಒಟ್ಟಿಗೆ ನಡೆದ ಲೋಕಸಭೆ ಹಾಗೂ ವಿಧಾನಸಭೆ ಚುನಾವಣೆಗಳ ಮತದಾರನಾಗುತ್ತಾನೆ. ಎಲ್ಲರೂ ಅಲಕ್ಷಿಸುವ ಪರಂತುಕವೊಂದು ಒಬ್ಬ ಹುಡುಗನನ್ನು ಮತಗಟ್ಟೆಗೆ ಕರೆತರುವ ಬಗೆ ಇದು. ೨೦೨೧ರ ತಿದ್ದುಪಡಿಯ ಫಲವಾಗಿ ೨೦೨೨ರಿಂದ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳು, ಅಂದರೆ ಜನವರಿ, ಏಪ್ರಿಲ್, ಜುಲೈ ಮತ್ತು ಅಕ್ಟೋಬರ್ ತಿಂಗಳುಗಳ ಮೊದಲ ದಿನಗಳು, ಜಾರಿಯಲ್ಲಿವೆ.

ರಾಷ್ಟ್ರಮಟ್ಟದಲ್ಲಿ ಮತದಾರರ ಸಂಖ್ಯೆ ೧೯೮೪–೮೫ರ ಸುಮಾರು ೪೦ ಕೋಟಿಯಿಂದ ೧೯೮೯ಕ್ಕೆ ಸುಮಾರು ೪೯.೯ ಕೋಟಿಗೆ ಏರಿತು. ಈ ಏರಿಕೆಯಲ್ಲಿ ಜನಸಂಖ್ಯೆಯ ಸಹಜ ಬೆಳವಣಿಗೆಯ ಪಾಲೂ ಇದೆ. ಎಲ್ಲವನ್ನೂ ತಿದ್ದುಪಡಿಯ ಖಾತೆಗೆ ಬರೆಯುವಂತಿಲ್ಲ.

ಹೊರನಾಡಿನ ಉದಾಹರಣೆಗಳಲ್ಲಿ ಒಂದನ್ನು ಮಾತ್ರ ವಿವರವಾಗಿ ತೆಗೆದುಕೊಂಡರೆ ಸಾಕು. ಬ್ರಿಟನ್ ೧೯೬೯ರಲ್ಲಿ ಹದಿನೆಂಟಕ್ಕೆ ಇಳಿಸಿತ್ತು. ಆಸ್ಟ್ರಿಯಾ ೨೦೦೭ರಲ್ಲಿ ಹದಿನಾರಕ್ಕೆ ಹೋಯಿತು. ಅಮೆರಿಕದಲ್ಲಿ ೧೯೭೧ರ ಇಪ್ಪತ್ತಾರನೆಯ ತಿದ್ದುಪಡಿಯ ಹಿಂದೆ ಇದ್ದುದು ಯುದ್ಧ. ಹದಿನೆಂಟಕ್ಕೆ ಸೈನ್ಯಕ್ಕೆ ಕರೆಯಬಹುದಾದರೆ ಮತಗಟ್ಟೆಗೆ ಏಕೆ ಕರೆಯಬಾರದೆಂಬ ವಾದ ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೨ರಲ್ಲಿಯೇ ಹುಟ್ಟಿ ವಿಯೆಟ್ನಾಂ ಯುದ್ಧದ ಕಾಲದಲ್ಲಿ ಗೆದ್ದಿತು. ಅಲ್ಲಿ ಮತ ಋಣಸಂದಾಯ. ಯುವಜನರು ಈಗಾಗಲೇ ತೆತ್ತ ಬೆಲೆಗೆ ಪ್ರತಿಯಾಗಿ ಬಂದದ್ದು. ನಮ್ಮ ೧೯೮೮ರ ಹೇಳಿಕೆಯಲ್ಲಿ ಋಣದ ಭಾಷೆ ಇಲ್ಲ. ಯುವಜನರ ದುಡಿಮೆಯ ಉಲ್ಲೇಖವೂ ಇಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ, ಮಾಲೂರಿನ ಹೆಂಚು ಇಟ್ಟಿಗೆಯ ಗೂಡುಗಳಲ್ಲಿ ಹದಿನೆಂಟು ತುಂಬಿದವರು ದುಡಿಯುತ್ತಿದ್ದರೆಂಬ ವಾಸ್ತವ ಕಾರಣಗಳ ಪಟ್ಟಿಗೆ ಸೇರಲಿಲ್ಲ.

೫

ಇನ್ನು ಭಾಷೆಯ ಪ್ರಶ್ನೆ. ಹೇಳಿಕೆಯ ಇಂಗ್ಲಿಷ್ ಪಾಠದಲ್ಲಿ ಯುವಜನರು ಹೊರಹಾಕಬೇಕಾದುದು 'ಭಾವನೆ'ಗಳನ್ನು. ಕನ್ನಡದಲ್ಲಿ ಅವರು ಹಾಕುವುದು 'ಮತ'ವನ್ನು. ಸಂಸ್ಕೃತದ 'ಮನ್' ಧಾತುವಿನಿಂದ ಬಂದ ಈ ಪದಕ್ಕೆ 'ಆಲೋಚಿಸಿದ್ದು' ಎಂಬುದೇ ಮೂಲಾರ್ಥ. ಅಭಿಮತ, ಸಹಮತ, ಸಮ್ಮತಗಳಲ್ಲಿ ಆ ಅರ್ಥ ಇನ್ನೂ ಜೀವಂತವಾಗಿದೆ. ಧರ್ಮಪಂಥ ಎಂಬ ಅರ್ಥವೂ ಅದಕ್ಕೆ ಅಂಟಿಕೊಂಡಿರುವುದು ಚುನಾವಣೆಯ ದಿನಗಳಲ್ಲಿ ಬೇಡದ ತೊಡಕನ್ನು ತರುತ್ತದೆ, ಆ ಮಾತು ಬೇರೆ. ಒಟ್ಟಿನಲ್ಲಿ ಮೂಲ ದಾಖಲೆ ಯುವಜನರಲ್ಲಿ ಭಾವೋದ್ವೇಗವನ್ನು ಕಂಡಿತು, ಕನ್ನಡದ ಪದ ಅವರಲ್ಲಿ ಆಲೋಚನೆಯನ್ನು ನಿರೀಕ್ಷಿಸುತ್ತದೆ. ಅನುವಾದದ ಅಭ್ಯಾಸಕ್ಕೆ ಆ ಒಂದು ವಾಕ್ಯವನ್ನು ಕೊಟ್ಟು, ಭಾವನೆ, ಅನಿಸಿಕೆ, ಅಭಿಪ್ರಾಯ, ಮತ ಇವುಗಳಲ್ಲಿ ಯಾವುದನ್ನು ಬಳಸಿದರೆ ಹೇಳಿಕೆಯ ಧೋರಣೆ ಹೇಗೆ ಬದಲಾಗುತ್ತದೆಂದು ಕೇಳಿದರೆ ಒಂದು ಅವಧಿ ಸಾಲದು.

'ಮತದಾನ' ಎಂಬ ಸಮಾಸವೂ ಪರೀಕ್ಷೆಗೆ ಅರ್ಹ. ದಾನಶಾಸನಗಳನ್ನು ಓದಿದ ವಿದ್ಯಾರ್ಥಿಗೆ ದಾನ ಎಂದರೆ ಕೊಟ್ಟು ಹಿಂದಕ್ಕೆ ಪಡೆಯಲಾಗದ್ದು, ಕೊಟ್ಟವನಿಗೆ ಪುಣ್ಯ ತರುವಂಥದ್ದು. ಕಾನೂನಿನ ಪಾಠದಲ್ಲಿ ದಾನದ ಸುಳಿವಿಲ್ಲ. ಅದು ಮಾತಾಡುವುದು ಮತದಾರನಾಗಿ ದಾಖಲಾಗುವ ಹಕ್ಕನ್ನು ಕುರಿತು. 'ಮತಾಧಿಕಾರ'ವೆಂಬ ಪದ ಬರೆಹದಲ್ಲಿ ಇದ್ದರೂ ಬಳಕೆಯಲ್ಲಿ ಗೆದ್ದದ್ದು ದಾನವೇ. ಜನರಾದರೋ ಎರಡನ್ನೂ ಬಿಟ್ಟು 'ಓಟು ಹಾಕುವುದು' ಎನ್ನುತ್ತಾರೆ. ಗಡಿಯಾಚೆಯ ತಮಿಳು ಬರೆಹಭಾಷೆಯಲ್ಲಿ ಮತವೆಂದರೆ 'ವಾಕ್ಕು', ಅಂದರೆ ಮಾತು. ತೆಲುಗು 'ಓಟು' ಎಂಬ ಆಗಂತುಕ ಪದವನ್ನೇ ಬರೆಹಕ್ಕೂ ತೆಗೆದುಕೊಂಡು 'ಓಟು ಹಕ್ಕು' ಎಂದಿತು. ಆಲೋಚನೆ, ಮಾತು, ಹಕ್ಕು: ಮೂರು ನೆರೆಭಾಷೆಗಳು ಒಂದೇ ಕ್ರಿಯೆಯನ್ನು ಮೂರು ಕಡೆಯಿಂದ ಹಿಡಿದಿವೆ. ಕೋಲಾರ ಜಿಲ್ಲೆಯ ತರಗತಿಯಲ್ಲಿ ಈ ಮೂರನ್ನೂ ಮನೆಯಿಂದ ತರಬಲ್ಲ ವಿದ್ಯಾರ್ಥಿಗಳು ಒಂದೇ ಬೆಂಚಿನಲ್ಲಿ ಸಿಗುವುದುಂಟು. ಮುಳಬಾಗಿಲಿನಲ್ಲಿ ಹುಟ್ಟಿ ಕನ್ನಡದಲ್ಲಿ ರಾಜ್ಯಶಾಸ್ತ್ರದ ಪರಿಭಾಷೆಯನ್ನು ಕಟ್ಟಲು ಶ್ರಮಿಸಿದ ಡಿ.ವಿ.ಜಿ. ಅವರ ಗದ್ಯಕೃತಿಗಳನ್ನು ಕಗ್ಗದ ನೆರಳಿನಿಂದ ಹೊರತಂದು ಓದಿಸಲು ಇದಕ್ಕಿಂತ ತಕ್ಕ ಸಂದರ್ಭವಿಲ್ಲ.

ವಯಸ್ಸನ್ನು ಸೂಚಿಸುವ ಪದಗಳು ಇನ್ನೂ ಜಟಿಲ. ಕಾನೂನಿನ ಕನ್ನಡ 'ವಯಸ್ಕ', 'ಪ್ರಾಪ್ತವಯಸ್ಕ' ಎನ್ನುತ್ತದೆ. ಮನೆಯ ಕನ್ನಡದಲ್ಲಿ 'ಪ್ರಾಯಕ್ಕೆ ಬಂದವಳು' ಎಂದರೆ ಮದುವೆಗೆ ಬಂದವಳು. ತೆಲುಗಿನ 'ಈಡು' ಕೂಡ ಇದೇ ದಾರಿಯದು; 'ಈಡೊಚ್ಚಿನ ಪಿಲ್ಲ' ಎನ್ನುವಾಗ ಮನಸ್ಸಿನಲ್ಲಿರುವುದು ಮತಗಟ್ಟೆಯಲ್ಲ. ೧೯೭೮ರ ತಿದ್ದುಪಡಿಯಿಂದ ಹೆಣ್ಣಿನ ಮದುವೆಯ ಕನಿಷ್ಠ ವಯಸ್ಸು ಹದಿನೆಂಟಾಗಿತ್ತು. ಹತ್ತು ವರ್ಷದ ತರುವಾಯ ಮತದಾನದ ವಯಸ್ಸೂ ಅಲ್ಲಿಗೇ ಬಂದು ನಿಂತಿತು. ಒಂದೇ ಹುಟ್ಟುಹಬ್ಬ ಹುಡುಗನಿಗೆ ಒಂದು ಬಾಗಿಲನ್ನು, ಹುಡುಗಿಗೆ ಎರಡನ್ನು ತೆರೆಯುತ್ತದೆ. ಎರಡನೆಯ ಬಾಗಿಲನ್ನು ತೆರೆಯುವುದು ಬಹಳ ಸಲ ಅವಳಲ್ಲ.

೬

ಕೊನೆಯ ಹಂತದಲ್ಲಿ ವಿದ್ಯಾರ್ಥಿಗಳ ಕೈಗೆ ಬರಬೇಕಾದ ದಾಖಲೆ ನಮೂನೆ ೬, ಅಂದರೆ ಮತದಾರರ ಪಟ್ಟಿಗೆ ಹೊಸದಾಗಿ ಹೆಸರು ಸೇರಿಸಲು ಕೊಡುವ ಅರ್ಜಿ. ೨೦೧೧ರಿಂದ ಪ್ರತಿವರ್ಷ ಜನವರಿ ೨೫ರಂದು ಆಚರಿಸುವ ರಾಷ್ಟ್ರೀಯ ಮತದಾರರ ದಿನದಂದು ಕಾಲೇಜುಗಳಲ್ಲಿ ಈ ಅರ್ಜಿಗಳನ್ನು ಹಂಚುವುದುಂಟು. ಪ್ರತಿಜ್ಞೆ ಬೋಧಿಸಿ ಭಾವಚಿತ್ರ ತೆಗೆಸಿಕೊಂಡ ಮೇಲೆ ಅದರ ಮಾತು ಮುಗಿಯುತ್ತದೆ. ಅರ್ಜಿಯನ್ನು ತುಂಬಿಸುವುದಕ್ಕೂ ಓದಿಸುವುದಕ್ಕೂ ವ್ಯತ್ಯಾಸವಿದೆ. ಅದರ ಕೆಳಭಾಗದ ಘೋಷಣೆಯಲ್ಲಿ ಸುಳ್ಳು ಹೇಳಿದರೆ ಒಂದು ವರ್ಷದವರೆಗೆ ಕಾರಾಗೃಹವಾಸ ಅಥವಾ ಜುಲ್ಮಾನೆ ಅಥವಾ ಎರಡೂ ಆಗಬಹುದೆಂಬುದು ಸಹಿ ಹಾಕುವ ಎಷ್ಟು ಜನರಿಗೆ ಗೊತ್ತಿರುತ್ತದೆ?

ಹುಟ್ಟಿದ ದಿನಾಂಕದ ಕಲಮು ಸ್ವತಃ ಒಂದು ಪಾಠ. ಹಳ್ಳಿಗಳಲ್ಲಿ ಹಿಂದಿನ ತಲೆಮಾರಿನವರ ದಾಖಲೆಗಳಲ್ಲಿ ಜೂನ್ ೧ರಂದು ಹುಟ್ಟಿದವರು ಎಷ್ಟು ಮಂದಿ ಎಂದು ಲೆಕ್ಕಹಾಕಿದರೆ ಅಚ್ಚರಿಯಾಗುತ್ತದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖು ಅದು. ಅಜ್ಜಿ ಹೇಳುವ ಹುಟ್ಟು ಬರಗಾಲದ ವರ್ಷಕ್ಕೋ ಕೆರೆ ಕೋಡಿ ಬಿದ್ದ ವರ್ಷಕ್ಕೋ ಸೇರಿರುತ್ತದೆ. ಕಾನೂನು ನಂಬುವುದು ಅಂಕಪಟ್ಟಿಯನ್ನು. ಹದಿನೆಂಟು ಎಂಬುದು ದೇಹದ ಸಂಗತಿಯಷ್ಟೇ ಅಲ್ಲ, ಕಾಗದದ ಸಂಗತಿಯೂ ಹೌದೆಂಬುದನ್ನು ವಿದ್ಯಾರ್ಥಿಗಳು ತಮ್ಮ ಮನೆಯ ಎರಡು ತಲೆಮಾರಿನ ದಾಖಲೆಗಳನ್ನು ಹೋಲಿಸಿ ಬರೆಯಬಹುದು. ಊರಿನ ಮತದಾರರ ಪಟ್ಟಿಯನ್ನು ಪೂರ್ಣವಾಗಿ ತರಗತಿಗೆ ತರುವುದು ಉಚಿತವಲ್ಲ. ಅದರಲ್ಲಿ ಇತರರ ಮನೆ ವಿವರಗಳಿರುತ್ತವೆ. ತಮ್ಮ ಮನೆಯ ನಮೂದುಗಳು ಸಾಕು.

'ಸಾಮಾನ್ಯ ನಿವಾಸಿ' ಎಂಬ ಪದವೂ ಹೀಗೆಯೇ. ಹದಿನೆಂಟು ತುಂಬುವುದು ಅರ್ಹತೆಯ ಒಂದು ಅಂಗ. ಕ್ಷೇತ್ರದ ಸಾಮಾನ್ಯ ನಿವಾಸಿಯಾಗಿರುವುದು ಇನ್ನೊಂದು. ಕೋಲಾರದ ವಿದ್ಯಾರ್ಥಿನಿಲಯದಲ್ಲಿರುವ ಶ್ರೀನಿವಾಸಪುರದ ಹುಡುಗಿ ತನ್ನ ಊರಿನಲ್ಲಿಯೋ ನಿಲಯದ ವಿಳಾಸದಲ್ಲಿಯೋ ಹೆಸರು ನೋಂದಾಯಿಸಬಹುದು, ಎರಡರಲ್ಲೂ ಅಲ್ಲ. ಮೂರನೆಯ ವರ್ಷ ಮುಗಿಯುವ ಮೊದಲೇ ಮದುವೆಯಾಗಿ ಗಡಿಯಾಚೆಯ ಪುಂಗನೂರಿಗೋ ಹೊಸೂರಿಗೋ ಹೋದರೆ ರಾಜ್ಯವೇ ಬದಲಾಗುತ್ತದೆ. ೨೦೨೩ರ ವಿಧಾನಸಭಾ ಚುನಾವಣೆಯಲ್ಲಿ ಮಾಲೂರು ಕ್ಷೇತ್ರದಲ್ಲಿ ಘೋಷಿತವಾದ ಗೆಲುವಿನ ಅಂತರ ೨೪೮ ಮತಗಳು. ಫಲಿತಾಂಶ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಒಂದು ಕಾಲೇಜಿನ ಒಂದು ವರ್ಷದ ದಾಖಲಾತಿಗಿಂತ ಚಿಕ್ಕದಾದ ಆ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಿದಾಗ ವಿಳಾಸದ ಕಲಮಿನ ತೂಕ ತಿಳಿಯುತ್ತದೆ. ಪಕ್ಷ, ಅಭ್ಯರ್ಥಿಗಳ ಹೆಸರು ತರಗತಿಯಲ್ಲಿ ಏಳುವುದು ಇಲ್ಲಿಯೇ. ಅಧ್ಯಾಪಕರು ದಾಖಲೆಯನ್ನು ಕೈಬಿಡದೆ ಹಿಡಿದಿದ್ದರೆ ಚರ್ಚೆ ದಾರಿ ತಪ್ಪುವುದಿಲ್ಲ.

ನಮೂನೆಯಲ್ಲಿ ಅರ್ಜಿದಾರರ ಹೆಸರಿನ ಕೆಳಗೆ ಸಂಬಂಧಿಯ ಹೆಸರನ್ನು ಕೇಳುವ ಕಲಮು ಇದೆ. ೧೯೫೧–೫೨ರ ಮೊದಲ ಮಹಾಚುನಾವಣೆಯ ಪಟ್ಟಿಗಳನ್ನು ಸಿದ್ಧಪಡಿಸುವಾಗ ಸಾವಿರಾರು ಮನೆಗಳಲ್ಲಿ ಹೆಂಗಸರು ತಮ್ಮ ಹೆಸರನ್ನು ಹೇಳದೆ, ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರು ಅಂಥ ನಮೂದುಗಳನ್ನು ಒಪ್ಪಲಿಲ್ಲ. ಸುಮಾರು ೮ ಕೋಟಿ ಮಹಿಳಾ ಮತದಾರರಲ್ಲಿ ೨೮ ಲಕ್ಷದಷ್ಟು ಮಂದಿ, ಹೆಚ್ಚಾಗಿ ಉತ್ತರದ ರಾಜ್ಯಗಳವರು, ಸ್ವಂತ ಹೆಸರು ಕೊಡದ ಕಾರಣಕ್ಕೆ ಪಟ್ಟಿಯಿಂದ ಹೊರಬಿದ್ದರು. ಅವರಿಗೆ ವಯಸ್ಸು ತುಂಬಿತ್ತು, ನಿವಾಸವೂ ಇತ್ತು. ಈ ಸಂಗತಿಯನ್ನು ಹೇಳಿ ನಮೂನೆ ೬ನ್ನು ವಿದ್ಯಾರ್ಥಿನಿಯರ ಮುಂದಿಟ್ಟಾಗ, ಮೊದಲ ಕಲಮಿನಲ್ಲಿ ಅವರು ಯಾವ ಹೆಸರನ್ನು, ಯಾವ ಕಾಗುಣಿತದಲ್ಲಿ ಬರೆಯುತ್ತಾರೆ, ಶಾಲಾ ದಾಖಲೆಯ ಹೆಸರಿಗೂ ಮನೆಯಲ್ಲಿ ಕರೆಯುವ ಹೆಸರಿಗೂ ಎಷ್ಟು ಅಂತರವಿದೆ ಎಂಬಲ್ಲಿಂದ ಮುಂದಿನ ತರಗತಿ ಆರಂಭವಾಗಬಹುದು.